ಅಪ್ಪ ಅಮ್ಮ ಲೆಕ್ಕದಲ್ಲಿ ಮಾತಾಡಿದ ವರ್ಷ

ಅಪ್ಪನ ಮಾತು ಹೋದದ್ದು ಜನವರಿಯ ಒಂದು ಬೆಳಿಗ್ಗೆ, ಏಳೂವರೆಯ ಸುಮಾರಿಗೆ. ನಾನು ನೊಯ್ಡಾದ ಆಫೀಸಿಗೆ ಹೊರಟು ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದೆ. ದ್ವಾರಕಾದ ನಮ್ಮ ನೆಲಮಹಡಿಯ ಬಾಡಿಗೆ ಮನೆಯಲ್ಲಿ ಚಳಿಗಾಲ ಬಂದರೆ ಬಿಸಿಲು ಹನ್ನೊಂದಕ್ಕೆ ಮುಂಚೆ ಒಳಗೆ ಬರುವುದಿಲ್ಲ. ಅಪ್ಪ ಹೀಟರಿನ ಮುಂದೆ ಕುರ್ಚಿ ಎಳೆದುಕೊಂಡು, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಅಪ್ಪಾ, ಬರ್ತೀನಿ" ಅಂದೆ.

ಪ್ರತಿದಿನ ಅವರು ತಲೆ ಎತ್ತದೆ "ಹೂಂ, ಹುಷಾರು" ಅನ್ನುತ್ತಿದ್ದರು. ಆ ದಿನ ತಲೆ ಎತ್ತಿದರು. ಏನೋ ಹೇಳಲು ಹೊರಟಂತೆ ಬಾಯಿ ತೆರೆದರು.

"ಅದಲ್ಲ" ಅಂದರು.

"ಏನು ಅದಲ್ಲ?"

"ಅದಲ್ಲ. ಅದಲ್ಲ, ಅದಲ್ಲ."

ಪೇಪರಿನ ಬಲಭಾಗ ಅವರ ಕೈಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಅದನ್ನು ಹಿಡಿಯಲು ಕೈ ಏಳಲಿಲ್ಲ. ತುಟಿಯ ಒಂದು ಮೂಲೆ ಕೆಳಗೆ ಇಳಿದಿತ್ತು. ಅಮ್ಮ ಅಡಿಗೆಮನೆಯಿಂದ, "ಏನಂತೆ? ಕಾಫಿ ಬೇಕಂತಾ?" ಎಂದು ಕೂಗಿ ಕೇಳಿದಳು. ನಾನು ಫೋನು ತೆಗೆದು ಆಂಬುಲೆನ್ಸಿಗೆ ಮಾಡಿದೆ.

ಸ್ಟ್ರೋಕ್ ಆಗಿತ್ತು, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು. ಬಲಗಾಲು ಎಳೆದುಕೊಂಡು ನಡೆಯುವ ಮಟ್ಟಿಗೆ ಬಂತು, ಬಲಗೈ ಬರಲಿಲ್ಲ. ಮಾತುಗಳಲ್ಲಿ ಉಳಿದದ್ದು ಅದೊಂದೇ ಮಾತು: ಅದಲ್ಲ. ಕನ್ನಡ ಹೋಗಿತ್ತು, ನಲವತ್ತು ವರ್ಷ ದೆಹಲಿಯಲ್ಲಿ ಆಡಿದ ಹಿಂದಿ ಹೋಗಿತ್ತು, ಆಫೀಸಿನ ಇಂಗ್ಲಿಷೂ ಹೋಗಿತ್ತು. ನೀರು ಬೇಕಾದರೂ ಅದಲ್ಲ, ಬೇಡವಾದರೂ ಅದಲ್ಲ. ಕೋಪಕ್ಕೆ ಒಂದು ರಾಗ, ದಣಿವಿಗೆ ಒಂದು ರಾಗ, ನೆಂಟರು ಬಂದಾಗ ಬನ್ನಿ ಕೂತುಕೊಳ್ಳಿ ಎನ್ನುವುದಕ್ಕೆ ಇನ್ನೊಂದು. ನಾವು ಆ ರಾಗಗಳನ್ನು ಕಲಿಯುವುದಕ್ಕೆ ಪ್ರಯತ್ನಪಟ್ಟೆವು. ಹತ್ತು ಸಲಕ್ಕೆ ಏಳು ಸಲ ತಪ್ಪುತ್ತಿದ್ದೆವು. ಆಗ ಅವರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು.

ಅಪ್ಪ ಎಂಥವರು ಅಂತ ಇಲ್ಲಿ ಹೇಳಬೇಕು. ತುಮಕೂರಿನಲ್ಲಿ ಬಿ.ಎಸ್ಸಿ. ಮಾಡಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಒಂದು ಸಚಿವಾಲಯದ ಅಂಕಿಅಂಶ ವಿಭಾಗಕ್ಕೆ ಸೇರಿದವರು. ಗಣಿತದಲ್ಲಿ ಎಂ.ಎಸ್ಸಿ. ಮಾಡಬೇಕೆಂದಿದ್ದರಂತೆ, ಆಗಲಿಲ್ಲ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾನು ಹುಟ್ಟಿ ಬೆಳೆದೆ. ಆ ಮನೆಯ ಮುಂದಿನ ವರಾಂಡದಲ್ಲಿ ಅವರು ಒಂದು ಕಪ್ಪು ಹಲಗೆ ಹೊಡೆಸಿದ್ದರು. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಕಾಲನಿಯ ಮಕ್ಕಳಿಗೆ ಅಲ್ಲಿ ಗಣಿತದ ಪಾಠ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಿಹಾರದವರು, ಗಢವಾಲದವರು, ಬಂಗಾಳಿಗಳು, ನಮ್ಮ ಕಡೆಯವರು, ಎಲ್ಲರ ಮಕ್ಕಳೂ ಚಾಪೆಯ ಮೇಲೆ ಕೂರುತ್ತಿದ್ದರು. ಅಮ್ಮ ಹತ್ತೂಕಾಲಿಗೆ ಉಪ್ಪಿಟ್ಟು ತಂದಿಡುತ್ತಿದ್ದಳು.

ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಘಾತಾಂಕದಲ್ಲಿ ಎಕ್ಸ್, ವೈ ಇರುವ ಜೋಡಿ ಸಮೀಕರಣಗಳು. ಎರಡರ ಮೇಲೆ ಸಣ್ಣದಾಗಿ ಎಕ್ಸ್ ಬರೆದು, ಮೂರರ ಮೇಲೆ ವೈ ಬರೆದು, ಮಕ್ಕಳ ಕಡೆ ತಿರುಗಿ, "ಪೆಹಲೇ ಬೇಸ್ ಬರಾಬರ್ ಕರೋ, ಫಿರ್ ಊಪರ್ ದೇಖೋ" ಅನ್ನುತ್ತಿದ್ದರು. ಮನೆಯಲ್ಲಿ ನನಗೆ ಹೇಳುವಾಗ ಅದೇ ಮಾತು ಕನ್ನಡದಲ್ಲಿ: "ಮೊದಲು ಆಧಾರ ಒಂದು ಮಾಡ್ಕೋ. ಆಮೇಲೆ ಕೆಳಗಿನದನ್ನ ಮರೆತುಬಿಡು, ಮೇಲಿನದನ್ನ ಮಾತ್ರ ನೋಡು. ಎಷ್ಟು ಸುಲಭ ನೋಡು." ನನಗೆ ಸುಲಭವಾಗಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ಎಲ್ಲರ ಮುಂದೆ ನನ್ನನ್ನು ಹಲಗೆಗೆ ಕರೆದರು. ಜೋಡಿಯ ಮೊದಲ ಸಮೀಕರಣ 9ˣ ÷ 3ʸ = 27. ಒಂಬತ್ತನ್ನು ಮೂರರ ಘಾತವಾಗಿ ಬರೆಯಬೇಕು ಅನ್ನುವುದು ನನಗೆ ಹೊಳೆಯಲಿಲ್ಲ. ಒಂಬತ್ತನ್ನು ಮೂರರಿಂದ ಭಾಗಿಸಿ ಮೂರು ಎಂದು ಬರೆದೆ. ಅಪ್ಪ ನಗುತ್ತಾ, "ದೇಖೋ ಭಾಯ್, ಮಾಸ್ಟರ್ ಕೀ ಬೇಟಿ", ನೋಡ್ರಪ್ಪಾ ಮೇಷ್ಟ್ರ ಮಗಳನ್ನ, ಅಂದರು. ಹನ್ನೆರಡು ಮಕ್ಕಳು ನಕ್ಕರು. ಅವರು ನೋಯಿಸಲು ಹೇಳಿದ್ದಲ್ಲ, ಈಗ ಗೊತ್ತು. ಆಗ ನಾನು ಚಾಕ್‌ಪೀಸ್ ಇಟ್ಟು ಒಳಗೆ ಹೋದೆ. ಮುಂದಿನ ಭಾನುವಾರ ಹೊರಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಅಪ್ಪ ಕರೆಯಲಿಲ್ಲ. ನಾನು ಕಾಮರ್ಸ್ ತೆಗೆದುಕೊಂಡೆ. ಆ ವಿಷಯ ನಾವಿಬ್ಬರೂ ಯಾವತ್ತೂ ಮತ್ತೆ ಎತ್ತಲಿಲ್ಲ.

ಮಾತು ಹೋದ ಮೇಲೆ ವಾರಕ್ಕೆರಡು ಸಲ ಅವರನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ತುಂಬಾ ತಾಳ್ಮೆಯವಳು. ಲೋಟದ ಚಿತ್ರ, ಬಾಚಣಿಗೆಯ ಚಿತ್ರ ತೋರಿಸಿ ಕೇಳುತ್ತಿದ್ದಳು. ಅಪ್ಪ ಲೋಟವನ್ನು ನೋಡುತ್ತಿದ್ದರು, ಅವಳನ್ನು ನೋಡುತ್ತಿದ್ದರು, ಬೆವರುತ್ತಿದ್ದರು. "ಅದಲ್ಲ." ಅಮ್ಮ ಪಕ್ಕದಲ್ಲಿ ಕೂತು ತನ್ನ ತುಟಿಯನ್ನೇ ಲೋ ಎಂದು ಮಾಡಿ ತೋರಿಸುತ್ತಿದ್ದಳು, ಮಗುವಿಗೆ ಅನ್ನ ತಿನ್ನಿಸುವಾಗ ತಾಯಿ ತಾನೇ ಬಾಯಿ ತೆರೆಯುವ ಹಾಗೆ.

ಮಾರ್ಚ್ ತಿಂಗಳ ಒಂದು ದಿನ ಆ ಹುಡುಗಿ ಚಿತ್ರಗಳನ್ನು ಪಕ್ಕಕ್ಕಿಟ್ಟು, ಅಪ್ಪನ ಎಡಗೈಗೆ ಪೆನ್ಸಿಲು ಕೊಟ್ಟು, "ಅಂಕಲ್, ಏಕ್ ಸೇ ದಸ್ ತಕ್ ಲಿಖಿಯೇ" ಎಂದು ಒಂದರಿಂದ ಹತ್ತರವರೆಗೆ ಬರೆಯಲು ಹೇಳಿದಳು. ಅಪ್ಪ ಒಂದು ಬರೆದರು. ಎರಡು ಬರೆದರು. ಸ್ವಲ್ಪ ನಿಂತರು. ಆಮೇಲೆ ಮೂರು ಬರೆಯಲಿಲ್ಲ, ನಾಲ್ಕು ಬರೆದರು. ಅವಳು ಏನೋ ಹೇಳಲು ಹೋದಳು. ಅಷ್ಟರಲ್ಲಿ ಎಂಟು, ಹದಿನಾರು, ಮೂವತ್ತೆರಡು. ಎಡಗೈಯ ಅಂಕಿಗಳು ಸೊಟ್ಟಸೊಟ್ಟಗೆ ಕಾಗದದ ಅಂಚಿನ ತನಕ ಹೋದವು, ಕೆಳಗಿನ ಸಾಲಿಗೆ ಇಳಿದವು. ಸಾವಿರದ ಇಪ್ಪತ್ತನಾಲ್ಕಕ್ಕೆ ನಿಲ್ಲಿಸಿ ಪೆನ್ಸಿಲು ಕೆಳಗಿಟ್ಟರು.

"ಅಂಕಲ್ ಟೀಚರ್ ಥೇ ಕ್ಯಾ?" ಎಂದು ಅವಳು ನನ್ನನ್ನು ಕೇಳಿದಳು.

ಹೊರಗೆ ಕಾರಿಡಾರಿನಲ್ಲಿ ಅವಳು ನನಗೆ ವಿವರಿಸಿದಳು. ತಲೆಯಲ್ಲಿ ಮಾತಿನ ಜಾಗ ಬೇರೆ, ಲೆಕ್ಕದ ಜಾಗ ಬೇರೆ. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಲ್ಲಿ ಒಂದು ಹೋದರೂ ಇನ್ನೊಂದು ಉಳಿದುಕೊಳ್ಳುತ್ತದೆ. ಇದರಿಂದ ಮಾತು ವಾಪಸು ಬರುತ್ತದೆ ಅಂತ ಮಾತ್ರ ತಿಳಿದುಕೊಳ್ಳಬೇಡಿ, ಅಂದಳು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಹಾಗೇ ತಿಳಿದುಕೊಂಡೆ.

ಅವತ್ತು ಸಂಜೆ ಒಂದು ನೋಟ್‌ಬುಕ್ ತೆಗೆದು 2ˣ = 32 ಎಂದು ಬರೆದು ಅಪ್ಪನ ಮುಂದಿಟ್ಟೆ. ಅವರು ಕೆಳಗೆ 5 ಎಂದು ಬರೆದು, ಇಷ್ಟೇನಾ ಅನ್ನುವ ಹಾಗೆ ನನ್ನ ಮುಖ ನೋಡಿದರು. ನನ್ನ ಸ್ಟಾಕು ಅಲ್ಲಿಗೇ ಮುಗಿದಿತ್ತು.

ಮರುದಿನ ಹಳೆ ಪುಸ್ತಕದಂಗಡಿಯಲ್ಲಿ ಒಂದು ಗಣಿತದ ಗೈಡ್ ಕೊಂಡೆ. ದ್ವಾರಕಾದಿಂದ ನೊಯ್ಡಾಕ್ಕೆ ಮೆಟ್ರೋದಲ್ಲಿ ಒಂದೂಕಾಲು ಗಂಟೆ. ಹೋಗುವಾಗ ಬರುವಾಗ ಅದನ್ನೇ ಓದಿದೆ. ಮೂವತ್ತೈದನೇ ವಯಸ್ಸಿನಲ್ಲಿ, ಮಹಿಳೆಯರ ಬೋಗಿಯಲ್ಲಿ, ಕಂಬಕ್ಕೆ ಒರಗಿ ನಿಂತು ಘಾತಾಂಕದ ನಿಯಮಗಳನ್ನು ಬಾಯಿಪಾಠ ಮಾಡಿದೆ. ಆಧಾರ ಒಂದೇ ಆಗಿದ್ದು ಗುಣಿಸಿದರೆ ಘಾತಾಂಕ ಕೂಡಬೇಕು, ಭಾಗಿಸಿದರೆ ಕಳೆಯಬೇಕು. ಸಂಜೆ ಮನೆಗೆ ಬಂದು ಎರಡು ಸಮೀಕರಣ ಬರೆದಿಟ್ಟರೆ ಅಪ್ಪ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು.

ಒಂದು ದಿನ ಅವಸರದಲ್ಲಿ ತಪ್ಪು ಬರೆದೆ. 2ˣ + 3ʸ = 19, ಅದರ ಕೆಳಗೆ 2ˣ − 3ʸ = −1. ಅಪ್ಪ ಸುಮಾರು ಹೊತ್ತು ನೋಡಿದರು. ಎರಡನ್ನೂ ಕೂಡಿಸಿ ಅರ್ಧ ಮಾಡಿದರು. ಒಂಬತ್ತು ಬಂತು. ಎರಡರ ಮೇಲೆ ಯಾವ ಪೂರ್ಣಸಂಖ್ಯೆ ಇಟ್ಟರೂ ಒಂಬತ್ತು ಬರುವುದಿಲ್ಲ. ಅವರು ಪೆನ್ಸಿಲಿನಿಂದ ನನ್ನ 19ರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 17 ಬರೆದು, ನನ್ನ ಕಡೆ ನೋಡಿ, "ಅದಲ್ಲ" ಅಂದರು.

ಅದಲ್ಲ ಎಂದರೆ ಅದಲ್ಲವೇ ಆಗಿತ್ತು, ಆ ಒಂದು ಸಲ. ನನಗೆ ನಗು ಬಂತು. ಅಪ್ಪನಿಗೂ ಬಂತು, ಅರ್ಧ ಬಾಯಲ್ಲಿ. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಹದಿನೇಳಾದರೆ ಸರಿಯಾಗುತ್ತದೆ: ಎರಡರ ಎಕ್ಸ್ ಘಾತ ಎಂಟು, ಮೂರರ ವೈ ಘಾತ ಒಂಬತ್ತು, ಎಕ್ಸ್ ಮೂರು, ವೈ ಎರಡು. ನಾನು "ಹೌದಪ್ಪಾ, ಹದಿನೇಳು, ನಂದೇ ತಪ್ಪು" ಎಂದು ಜೋರಾಗಿ ಹೇಳಿದೆ.

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡು ನಿಂತಿದ್ದಳು. ತಿರುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ನಾನು ಹೋಗಿ ನೋಡಿದರೆ ಚಪಾತಿ ಕಲ್ಲು ಹೊಗೆಯಾಡುತ್ತಿತ್ತು, ಅವಳು ಸಿಂಕಿನ ಕಡೆ ಮುಖ ಮಾಡಿ ಅಳುತ್ತಿದ್ದಳು.

"ಯಾಕಮ್ಮ?"

"ಏನಿಲ್ಲ ಬಿಡು."

"ಹೇಳು."

"ಎಕ್ಸು ವೈ ಎಲ್ಲಾ ನೆನಪಿದೆ ಅವರಿಗೆ." ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಕೆನ್ನೆಗೆ ಹತ್ತಿತು. "ನನ್ನ ಹೆಸರು ಹೇಳ್ಲಿ ಅಂತ ಕೇಳ್ತಿಲ್ಲ. ಯಾವತ್ತೂ ಹೆಸರು ಹಿಡಿದು ಕರೆದೋರಲ್ಲ. ಇವಳೇ ಅಂತಿದ್ರು. ಅಷ್ಟಾದ್ರೂ ಬರಬಾರದಾ? ಬೆಳಗಿಂದ ಸಂಜೆವರೆಗೆ ಸ್ನಾನ ಮಾಡ್ಸೋದು, ತಿನ್ಸೋದು, ಮಾತಾಡ್ಸೋದು ನಾನು. ನೀನು ಸಂಜೆ ಬಂದು ಎರಡು ಗೆರೆ ಗೀಚಿದ್ರೆ ನಗ್ತಾರೆ."

ನಾನು ಕಲ್ಲಿನ ಕೆಳಗಿನ ಉರಿ ಆರಿಸಿದೆ.

ನಾಲ್ಕು ದಿನ ಬಿಟ್ಟು, ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ ಅಮ್ಮ ಅಂದಳು: "ನನಗೂ ಹೇಳಿಕೊಡು."

"ಏನನ್ನ?"

"ಅದೇ. ಅವರಿಗೆ ಕೊಡ್ತೀಯಲ್ಲ, ಆ ಲೆಕ್ಕ."

ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ, ಕನ್ನಡ ಮಾಧ್ಯಮದಲ್ಲಿ. ಪಾಸಾದ ವರ್ಷವೇ ಮದುವೆ, ಮದುವೆಯಾದ ತಿಂಗಳಲ್ಲಿ ದೆಹಲಿ. ಅಂದಿನಿಂದ ಅವಳು ಬರೆದದ್ದು ಹಾಲಿನ ಲೆಕ್ಕ, ದಿನಸಿ ಚೀಟಿ, ಊರಿಗೆ ಕಾಗದ ಅಷ್ಟೇ; ಸ್ಕೂಲಿನ ಬೀಜಗಣಿತ ಎಂದೋ ಮರೆತುಹೋಗಿತ್ತು. ಸಂಜೆ ಅಪ್ಪನನ್ನು ಹೊರಗೆ ಅಂಗಳದಲ್ಲಿ ಕೂರಿಸಿ ನಾವಿಬ್ಬರೂ ಮಂಚದ ಮೇಲೆ ಪುಸ್ತಕ ಹರಡಿಕೊಂಡೆವು. ಅವರಿಗೆ ಕಾಣಬಾರದು ಅಂತ ಅವಳ ಹಟ.

"ಎಕ್ಸ್ ಅಂದ್ರೆ ಏನು?"

"ನಮಗೆ ಗೊತ್ತಿಲ್ಲದ ಸಂಖ್ಯೆ."

"ಗೊತ್ತೇ ಇಲ್ಲ ಅಂದ್ಮೇಲೆ ಹೆಸರು ಯಾಕೆ?"

"ಹೆಸರಿಟ್ರೆ ತಾನೇ ಹುಡುಕೋಕಾಗೋದು, ಅಮ್ಮ."

ಅವಳಿಗೆ ದೊಡ್ಡ ತೊಡಕಾದದ್ದು ಘಾತವೇ. ಎರಡರ ಮೂರನೇ ಘಾತ ಎಷ್ಟು ಅಂದರೆ ಮಗ್ಗಿ ಬರುತ್ತಿತ್ತು, "ಎರಡು ಮೂರ್ಲ ಆರು." ಅಲ್ಲಮ್ಮ, ಎರಡು ಎರಡ್ಲ ನಾಲ್ಕು, ನಾಲ್ಕು ಎರಡ್ಲ ಎಂಟು. "ಹೌದು ಹೌದು, ಎಂಟು." ಮರುದಿನ ಮತ್ತೆ ಆರು. ಒಂದು ಸಂಜೆ ನನಗೆ ಆಫೀಸಿನ ತಲೆನೋವು, ಸಿಟ್ಟು ಬಂತು. "ಎಷ್ಟು ಸಲ ಹೇಳೋದು, ಅಮ್ಮ?" ಅಂದುಬಿಟ್ಟೆ. ಅವಳು ಪೆನ್ಸಿಲು ಕೆಳಗಿಡಲಿಲ್ಲ. "ಇನ್ನೊಂದು ಸಲ ಹೇಳು. ನಾನೇನು ಎದ್ದು ಹೋಗಲ್ಲ" ಅಂದಳು. ಹದಿನಾಲ್ಕು ವರ್ಷದ ನಾನು ಎದ್ದು ಹೋದದ್ದು ಅವಳ ಮನಸ್ಸಿನಲ್ಲಿತ್ತೋ ಇಲ್ಲವೋ, ನನಗೆ ಮಾತ್ರ ಚುರುಕ್ಕೆಂದಿತು. ಇನ್ನೊಂದು ಸಲ ಹೇಳಿದೆ.

ಏಪ್ರಿಲ್ ಹೀಗೇ ಕಳೆಯಿತು. ಮೇ ತಿಂಗಳ ಬಿಸಿಗಾಳಿ ಶುರುವಾಗಿ ಕೂಲರ್ ಹಾಕಿದ ಮೇಲೆ, ಒಂದು ಸಂಜೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ನೋಟ್‌ಬುಕ್ ತೆರೆದಿತ್ತು. ಅಮ್ಮನ ದುಂಡು ಅಕ್ಷರದಲ್ಲಿ, ಊರಿಗೆ ಕಾಗದ ಬರೆಯುವ ಅದೇ ಅಕ್ಷರದಲ್ಲಿ ಎರಡು ಸಾಲು: 2ˣ⁺ʸ = 32. 3ˣ⁻ʸ = 3. ಎಕ್ಸ್ ಮತ್ತು ವೈ ಅವಳಿಗೆ ಇನ್ನೂ ರೂಢಿಯಾಗಿರಲಿಲ್ಲ, ರಂಗೋಲಿಯ ಹಾಗೆ ಎಳೆದಿದ್ದಳು. ಅದರ ಕೆಳಗೆ ಅಪ್ಪನ ಸೊಟ್ಟ ಅಂಕಿಗಳಲ್ಲಿ ಉತ್ತರ, 3, 2. ಅದರ ಕೆಳಗೆ ಇನ್ನೊಂದು ಜೋಡಿ, ಮತ್ತೊಂದು ಜೋಡಿ.

"ನೀನು ಹೋದ್ಮೇಲೆ ಹನ್ನೊಂದು ಗಂಟೆಗೆ ಕೂತ್ವಿ" ಅಂದಳು ಅಮ್ಮ. ಸ್ವರ ಮಾಮೂಲಾಗಿರಲಿ ಅಂತ ಪ್ರಯತ್ನಪಡುತ್ತಿದ್ದಳು. "ಮೂರು ಲೆಕ್ಕ ಮಾತಾಡಿದ್ವಿ."

"ಅಪ್ಪ ಏನಂದ್ರು?"

"ನಾನು ಬರೆದಿದ್ದು ನೋಡಿ ನನ್ನ ಮುಖ ನೋಡಿದ್ರು. ಮತ್ತೆ ಪುಸ್ತಕ ನೋಡಿದ್ರು. ಮತ್ತೆ ನನ್ನ ಮುಖ. ನಾನು, ಏನ್ರೀ, ಹಾಗೆ ನೋಡ್ತೀರಾ, ಮಾಡಿ ಅಂದೆ." ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಕೈ ನಿಂತಿತು. "ಮೂವತ್ತಾರು ವರ್ಷ, ಪುಟ್ಟಿ. ಎಷ್ಟು ಭಾನುವಾರ ಉಪ್ಪಿಟ್ಟು ಮಾಡಿದೀನಿ ಆ ವರಾಂಡಕ್ಕೆ. ಬಾ, ನೀನೂ ಕೂತ್ಕೋ ಅಂತ ಒಂದಿನ ಅನ್ನಲಿಲ್ಲ. ನನಗೂ ಕೇಳ್ಬೇಕು ಅನ್ನಿಸ್ಲಿಲ್ಲ. ಈಗ ಮಾತೆಲ್ಲ ಹೋದ್ಮೇಲೆ."

ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡಳು.

ಆ ಬೇಸಿಗೆ ಮತ್ತು ಮಳೆಗಾಲ ಅವರಿಬ್ಬರೂ ಹನ್ನೊಂದು ಗಂಟೆಗೆ ಕೂರುತ್ತಿದ್ದರು. ತರಕಾರಿ ಗಾಡಿಯವನು ಬಂದು ಕೂಗಿದರೆ ಅಮ್ಮ ಕಿಟಕಿಯಿಂದಲೇ, "ಭಯ್ಯಾ, ಬಾದ್ ಮೇ ಆನಾ", ಆಮೇಲೆ ಬಾ, ಅನ್ನುತ್ತಿದ್ದಳಂತೆ. ನನ್ನ ಗೈಡು ಅವಳ ದಿಂಬಿನ ಪಕ್ಕಕ್ಕೆ ಹೋಯಿತು. ಅದರ ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಸಮೀಕರಣಗಳನ್ನಷ್ಟೇ ನೋಡಿ ಬರೆದುಕೊಳ್ಳುತ್ತಿದ್ದಳು. ನಾನು ಸಂಜೆ ಬರುವ ಹೊತ್ತಿಗೆ ಅಪ್ಪ ದಣಿದಿರುತ್ತಿದ್ದರು. ನನ್ನ ಲೆಕ್ಕಗಳು ನಿಂತುಹೋದವು. ಸ್ವಲ್ಪ ಬೇಜಾರಾಯಿತು ಅಂತ ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷದ ಮೇಲೆ ಅಪ್ಪನ ಪಕ್ಕ ಕೂತಿದ್ದೆ, ಎರಡೇ ತಿಂಗಳಿಗೆ ಆ ಜಾಗ ಬಿಟ್ಟುಕೊಡಬೇಕಾಯಿತು. ಆದರೆ ಅಮ್ಮನಿಗಲ್ಲದೆ ಇನ್ಯಾರಿಗೆ.

ಮಾತು ವಾಪಸು ಬರಲಿಲ್ಲ. ಥೆರಪಿಸ್ಟ್ ಹೇಳಿದ್ದು ಸರಿಯಾಗಿತ್ತು. ಎರಡು ಸಮೀಕರಣ ಬಿಡಿಸಿದ ಮನುಷ್ಯ ಹತ್ತು ನಿಮಿಷದ ಮೇಲೆ ಬಚ್ಚಲಿಗೆ ಹೋಗಬೇಕೆಂದು ಹೇಳಲಾಗದೆ ಬಟ್ಟೆ ಒದ್ದೆ ಮಾಡಿಕೊಂಡು, ಮುಖ ಗೋಡೆಗೆ ತಿರುಗಿಸಿ ಕೂರುತ್ತಿದ್ದರು. ಒಂದು ಸಲ ಅಮ್ಮನ ಕೈಯನ್ನು ಎಡಗೈಯಿಂದ ತಳ್ಳಿ, "ಅದಲ್ಲ! ಅದಲ್ಲ!" ಎಂದು ಕಿರುಚಿದ್ದನ್ನು ನಾನೇ ನೋಡಿದೆ. ಏನು ಬೇಕಿತ್ತು ಅಂತ ಕೊನೆಗೂ ಗೊತ್ತಾಗಲಿಲ್ಲ.

ನವೆಂಬರಿನಲ್ಲಿ ಹೊಗೆ ಕವಿಯಿತು. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿ, ಎದುರಿನ ಬಿಲ್ಡಿಂಗು ಕಾಣದಾಗಿ, ಕಿಟಕಿಗಳ ಸಂದಿಗೆ ಅಮ್ಮ ಹಳೇ ಸೀರೆ ತುರುಕಿದಳು. ಅಪ್ಪನಿಗೆ ಕೆಮ್ಮು ಹಿಡಿಯಿತು, ಆಮೇಲೆ ಜ್ವರ. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಅಲ್ಲೇ ಎರಡನೇ ಸಲ ಸ್ಟ್ರೋಕ್ ಆಯಿತು. ಈ ಸಲ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದರು. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ ಅಂದರು.

ಮನೆಗೆ ಬಂದ ಅಪ್ಪ ಅದಲ್ಲ ಎನ್ನುವುದನ್ನೂ ಬಿಟ್ಟಿದ್ದರು. ಪೆನ್ಸಿಲು ಕೊಟ್ಟರೆ ಹಿಡಿದುಕೊಳ್ಳುತ್ತಿದ್ದರು. ಕಾಗದದ ಮೇಲೆ ಅದು ಸುತ್ತುತ್ತಿತ್ತು, ಸುರುಳಿ ಸುರುಳಿಯಾಗಿ, ಒಂದರ ಮೇಲೊಂದು. ಅಂಕಿ ಯಾವುದೂ ಮೂಡುತ್ತಿರಲಿಲ್ಲ.

ಅಮ್ಮ ಹನ್ನೊಂದು ಗಂಟೆಗೆ ಕೂರುವುದನ್ನು ಬಿಡಲಿಲ್ಲ. ನಾನು ಆ ವಾರ ರಜೆ ಹಾಕಿದ್ದೆ, ಹಾಗಾಗಿ ಕಣ್ಣಾರೆ ನೋಡಿದೆ. ಅವರ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು, ನೋಟ್‌ಬುಕ್ ಅವರಿಗೆ ಕಾಣುವ ಹಾಗೆ ಹಿಡಿದು ಬರೆದಳು: 2ˣ × 3ʸ = 12. 2ʸ × 3ˣ = 18.

"ನೋಡಿ, ಇದು ಮಾಡಿ" ಅಂದಳು.

ಅಪ್ಪನ ಕಣ್ಣು ಕಾಗದದ ಮೇಲಿತ್ತು, ನೋಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅಮ್ಮ ಕಾದಳು. ಗೋಡೆಯ ಗಡಿಯಾರದಲ್ಲಿ ಏಳೆಂಟು ನಿಮಿಷ ಹೋಯಿತು. ನನಗೆ ತಡೆಯಲಾಗದೆ, "ಅಮ್ಮ, ಬಿಡು. ಅವರಿಗೆ ಆಗಲ್ಲ" ಅಂದೆ.

"ನನಗೆ ಗೊತ್ತು" ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಯಾವ ಅವಸರವೂ ಇಲ್ಲದೆ, ತಾನೇ ಬಿಡಿಸತೊಡಗಿದಳು. "ಎರಡನ್ನೂ ಗುಣಿಸಿಬಿಡೋಣ, ಅಲ್ವೇನ್ರೀ? ಎರಡು ಮೂರ್ಲ ಆರು. ಆರರ ಮೇಲೆ ಎಕ್ಸ್ ಪ್ಲಸ್ ವೈ. ಈ ಕಡೆ ಹನ್ನೆರಡನ್ನ ಹದಿನೆಂಟರಿಂದ ಗುಣಿಸಿದ್ರೆ ಇನ್ನೂರ ಹದಿನಾರು. ಆರು ಆರ್ಲ ಮೂವತ್ತಾರು, ಮೂವತ್ತಾರು ಆರ್ಲ ಇನ್ನೂರ ಹದಿನಾರು. ಮೂರು ಸಲ ಆಯ್ತು. ಅಂದ್ರೆ ಎಕ್ಸೂ ವೈಯೂ ಕೂಡಿದ್ರೆ ಮೂರು. ಈಗ ಕೆಳಗಿನದನ್ನ ಮೇಲಿನದರಿಂದ ಭಾಗಿಸೋದು. ಮೂರು ಬೈ ಎರಡು, ಅದರ ಮೇಲೆ ಎಕ್ಸ್ ಮೈನಸ್ ವೈ. ಈ ಕಡೇನೂ ಮೂರು ಬೈ ಎರಡೇ. ಅಂದ್ರೆ ಎಕ್ಸಲ್ಲಿ ವೈ ಕಳೆದ್ರೆ ಒಂದು. ಎಕ್ಸ್ ಎರಡು, ವೈ ಒಂದು. ಸರಿಯಾಯ್ತಾ?"

ಅಪ್ಪನ ಕಣ್ಣು ಕಾಗದದ ಮೇಲೇ ಇತ್ತು.

ನಾನು ಬಾಗಿಲಲ್ಲೇ ನಿಂತಿದ್ದೆ. ಎರಡು ಸಮೀಕರಣಗಳನ್ನು ಒಂದಕ್ಕೊಂದು ಗುಣಿಸುವ ಆ ದಾರಿಯನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನನಗೇ ಬರುತ್ತಿರಲಿಲ್ಲ. ಗೈಡಿನಲ್ಲಿ ಆ ಲೆಕ್ಕ ಬಂದಾಗ ಪುಟ ತಿರುವಿದ್ದೆ.

"ಇದು ಯಾರು ಹೇಳಿಕೊಟ್ರಮ್ಮ ನಿನಗೆ?"

"ಇವರೇ. ಜುಲೈನಲ್ಲಿ." ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿ ತೋರಿಸಿದಳು. ಇಂಥದೇ ಲೆಕ್ಕ ಅವಳೇ ಕೊಟ್ಟು, ತನಗೇ ಅರ್ಥವಾಗದೆ ಸುಮ್ಮನೆ ಕೂತಿದ್ದಳಂತೆ. ಅಪ್ಪ ಉತ್ತರ ಬರೆದು, ಅವಳ ಮುಖ ನೋಡಿ, ಇವಳಿಗೆ ತಿಳಿಯಲಿಲ್ಲ ಅಂತ ಕಂಡುಕೊಂಡು, ಇನ್ನೊಂದು ಸಲ ಮೊದಲಿಂದ ಬರೆದರಂತೆ. ಆಮೇಲೆ ಇನ್ನೊಂದು ಸಲ. ಪುಟದಲ್ಲಿ ಅದೇ ಲೆಕ್ಕ ನಾಲ್ಕು ಬಾರಿ ಇತ್ತು. ಕೊನೆಯ ಸಲ ಪ್ರತಿ ಹೆಜ್ಜೆಗೂ ಒಂದೊಂದು ಸಾಲು ಬಿಟ್ಟು, ಅಂಕಿಗಳನ್ನು ದೊಡ್ಡದಾಗಿ ಬರೆದು, ಗುಣಿಸುವ ಕಡೆ ಎರಡು ಸಮೀಕರಣಗಳ ನಡುವೆ ಬಾಣ ಎಳೆದಿದ್ದರು. ಎಡಗೈಯಲ್ಲಿ ಅಷ್ಟು ಬರೆಯಲು ಎಷ್ಟು ಹೊತ್ತು ಹಿಡಿಯಿತೋ.

"ಅವತ್ತು ಅವರು ಒಂದು ಸಲಾನೂ ಸಿಟ್ಟು ಮಾಡ್ಕೊಳ್ಲಿಲ್ಲ" ಅಂದಳು ಅಮ್ಮ.

ಅಪ್ಪ ಫೆಬ್ರವರಿಯಲ್ಲಿ ಹೋದರು. ಮಧ್ಯಾಹ್ನ, ಊಟದ ಹೊತ್ತಿಗೆ. ಅಮ್ಮ ಗಂಜಿಯ ಬಟ್ಟಲು ಹಿಡಿದು, ಚಮಚ ತುಟಿಗೆ ತಾಗಿಸಿದಾಗ ಬಾಯಿ ತೆರೆಯಲಿಲ್ಲವಂತೆ. ಮಲಗಿದ್ದಾರೆ ಅಂದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳಂತೆ, ಗಂಜಿ ಆರದಿರಲಿ ಅಂತ ಬಟ್ಟಲ ಮೇಲೆ ತಟ್ಟೆ ಮುಚ್ಚಿ. ನಾನು ನೊಯ್ಡಾದಿಂದ ಬರುವ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲ ಮುಂದೆ ಕುರ್ಚಿ ಹಾಕಿದ್ದರು.

ಸರೋಜಿನಿ ನಗರದ ಹಳೆಯ ಕಾಲನಿಯಿಂದ ಜನ ಬಂದರು. ನಾವಿದ್ದ ಬ್ಲಾಕನ್ನು ಕೆಡವಿ ವರ್ಷಗಳಾಗಿವೆ, ಆದರೂ ಎಲ್ಲೆಲ್ಲಿಂದಲೋ ಸುದ್ದಿ ತಿಳಿದು ಬಂದರು. ಅವರಲ್ಲಿ ನನ್ನ ವಯಸ್ಸಿನ, ತಲೆ ಬೋಳಾಗುತ್ತಿರುವ ಒಬ್ಬಾತ ಅಮ್ಮನ ಕಾಲು ಮುಟ್ಟಿ, "ಆಂಟಿ, ಅಂಕಲ್ ನೇ ಹೀ ಮುಝೇ ಮ್ಯಾಥ್ಸ್ ಸಿಖಾಯಾ ಥಾ", ನನಗೆ ಗಣಿತ ಕಲಿಸಿದ್ದು ಅಂಕಲ್ಲೇ, ಅಂದ. ಅಮ್ಮ ತಲೆಯಾಡಿಸಿದಳು. ತಡೆದು, ತನ್ನ ಹರಕು ಹಿಂದಿಯಲ್ಲಿ, "ಮುಝೇ ಭೀ", ನನಗೂ, ಅಂದಳು. ಆತನಿಗೆ ಏನು ಅರ್ಥವಾಯಿತೋ, ಕೈಮುಗಿದು ಮುಂದೆ ಹೋದ.

ಹದಿಮೂರು ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ಮನೆ ತೀರಾ ಖಾಲಿಯಾಯಿತು. ಹನ್ನೊಂದು ಗಂಟೆಗೆ ಅಮ್ಮ ಏನು ಮಾಡುತ್ತಾಳೋ ಎಂದು ಆಫೀಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಫೋನ್ ಮಾಡಿದರೆ "ಸುಮ್ನೆ ಕೂತಿದೀನಿ" ಅನ್ನುತ್ತಿದ್ದಳು. ಅವಳಿಗೊಂದು ಹಚ್ಚಿಕೊಳ್ಳುವ ಕೆಲಸ ಇರಲಿ ಅಂತ ಬೆಂಗಳೂರಿನಿಂದ ಕನ್ನಡ ಮಾಧ್ಯಮದ ಗಣಿತದ ಪುಸ್ತಕ ತರಿಸಿದೆ. ಅದರಲ್ಲಿ ಎಲ್ಲ ವಿವರಣೆ ಅವಳಿಗೆ ಓದಲು ಬರುವ ಭಾಷೆಯಲ್ಲೇ ಇತ್ತು. ಒಂದು ಭಾನುವಾರ ಕಾಫಿ ಕುಡಿಯುವಾಗ ಅವಳ ಮುಂದೆ ಇಟ್ಟೆ.

ಅವಳು ಪುಟ ತಿರುವಿದಳು. ಘಾತಾಂಕಗಳ ಪಾಠ ಎಲ್ಲಿದೆ ಅಂತ ನೋಡಿದಳು. ಒಂದೆರಡು ಲೆಕ್ಕದ ಮೇಲೆ ಬೆರಳಾಡಿಸಿದಳು. ಆಮೇಲೆ ಮುಚ್ಚಿ ನನ್ನ ಕಡೆಗೆ ಸರಿಸಿದಳು.

"ನೀನೇ ಇಟ್ಕೋ."

"ಯಾಕಮ್ಮ? ಚೆನ್ನಾಗಿ ಬರತ್ತೆ ನಿನಗೆ. ನನಗಿಂತ ಚೆನ್ನಾಗಿ."

"ನನಗೆ ಲೆಕ್ಕ ಬೇಕಿರಲಿಲ್ಲ, ಪುಟ್ಟಿ. ಅವರ ಜೊತೆ ಮಾತಾಡ್ಬೇಕಿತ್ತು." ಎದ್ದು ಕಾಫಿ ಲೋಟಗಳನ್ನು ತೆಗೆದುಕೊಂಡು ಹೋದಳು. ನಲ್ಲಿ ತಿರುಗಿಸಿದ ಸದ್ದು ಬಂತು, ಬಹಳ ಹೊತ್ತು ನೀರು ಹರಿಯಿತು.

ಪುಸ್ತಕ ನನ್ನ ಆಫೀಸಿನ ಬ್ಯಾಗಿನಲ್ಲಿದೆ. ಮೆಟ್ರೋದಲ್ಲಿ ಸೀಟು ಸಿಕ್ಕ ದಿನ ತೆಗೆದು ಒಂದು ಜೋಡಿ ಸಮೀಕರಣ ಬಿಡಿಸಲು ನೋಡುತ್ತೇನೆ. ಆಧಾರ ಒಂದು ಮಾಡುವ ತನಕ ಬರುತ್ತದೆ, ಕೂಡಿಸಿ ಕಳೆಯುವುದೂ ಬರುತ್ತದೆ. ಗುಣಿಸುವ ಲೆಕ್ಕ ಬಂದರೆ ಈಗಲೂ ನಡುವೆ ಎಲ್ಲೋ ಎಡವುತ್ತೇನೆ, ಉತ್ತರ ಹೊಂದುವುದಿಲ್ಲ. ಮನೆಗೆ ಹೋಗಿ ಕೇಳಿದರೆ ಅಮ್ಮ ಹೇಳಿಕೊಟ್ಟಾಳು. ಇನ್ನೂ ಕೇಳಿಲ್ಲ.